ತೊಟ್ಟಿಲಿಗೆ ಹಾಕುವವಳು

ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವವಳು ತನ್ನ ಮಗಳು ಕಲ್ಯಾಣಿಯೇ, ಅದರಲ್ಲಿ ಎರಡು ಮಾತಿಲ್ಲ ಎಂದು ಪೆದ್ದಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು. ಹೇಳಿದ್ದು ಬೀಗಿತ್ತಿಯ ಮನೆಯಲ್ಲಿ, ಬೀಗಿತ್ತಿಯ ಎದುರಿಗೇ, ಅವಳು ಕೊಟ್ಟ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ. ಹಿಂದೂಪುರದ ಮಂಡಿಗಳಿಗೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದುಕೊಡುತ್ತ ತಲೆ ನರೆಸಿಕೊಂಡ ಹೆಂಗಸು ಅವಳು. ತೂಕದಲ್ಲಿ ಮೋಸ ಮಾಡಲು ಬಂದ ಗುಮಾಸ್ತರೇ ಅವಳ ಬಾಯಿಗೆ ಹೆದರಿ ಜಾಗ ಬಿಡುತ್ತಿದ್ದರು, ಇನ್ನು ಗೋರಂಟ್ಲದ ಮುನೆಮ್ಮ ಯಾವ ಲೆಕ್ಕ.

ಹಾಗಂತ ಮುನೆಮ್ಮ ಕೆಟ್ಟವಳೇನಲ್ಲ. ಮಗಳು ಸ್ನೇಹಲತಾಳ ಬಾಣಂತನವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದಳು. ಮೂರನೇ ತಿಂಗಳಿಗೆ ತಾಯಿ ಮಗುವನ್ನು ಹಿಂದೂಪುರಕ್ಕೆ, ಅಳಿಯ ಅಶೋಕನ ಮನೆಗೆ ಕಳಿಸಿ ಅಲ್ಲೇ ನಾಮಕರಣ ಮಾಡುವುದು ಎಂದು ಮಾತಾಗಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅಶೋಕನಿಗೆ ಇರುವುದು ಒಬ್ಬಳೇ ಅಕ್ಕ, ಕಲ್ಯಾಣಿ. ಮುನೆಮ್ಮ ಅಂದದ್ದು ಇಷ್ಟೇ: ಚಿಲಮತ್ತೂರಿನ ವರಲಕ್ಷ್ಮಿಯೂ ಅಶೋಕನಿಗೆ ದೊಡ್ಡಪ್ಪನ ಮಗಳಲ್ಲವೆ, ಈ ಸಲ ಅವಳು ಹಾಕಲಿ, ಕಲ್ಯಾಣಿಗೂ ಮನಸ್ಸು ಸರಿಯಿಲ್ಲ ಪಾಪ. ಯಾಕೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಾರಣ ಎಲ್ಲರ ಫೋನಿನಲ್ಲೂ ಇತ್ತು.

ಆ ವರ್ಷದ ಮೇ ತಿಂಗಳಲ್ಲಿ ಕಲ್ಯಾಣದುರ್ಗದಲ್ಲಿ ಕಲ್ಯಾಣಿಯ ಭಾವನ ಹೊಸ ಮನೆಯ ಗೃಹಪ್ರವೇಶವಾಗಿತ್ತು. ಮನೆ ತುಂಬ ನೆಂಟರು. ನಮ್ಮ ಕಡೆ ಇಂಥ ದಿನ ಮಗು ಎಲ್ಲಾದರೂ ಒಬ್ಬರ ಹತ್ತಿರ ನಿಲ್ಲುತ್ತದೆಯೆ? ಅತ್ತೆಯ ಸೊಂಟದಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ತಾತನ ಹೆಗಲಿಗೆ ಹೋಗುತ್ತಲೇ ಇರುತ್ತದೆ. ಹೆತ್ತವಳು ಕೆಲಸದಲ್ಲಿದ್ದರೆ ಯಾರೋ ಒಬ್ಬರು ಎತ್ತಿಕೊಂಡೇ ಇರುತ್ತಾರೆ ಎಂದು ಎಲ್ಲರೂ ನಂಬಿರುತ್ತಾರೆ. ಕಲ್ಯಾಣಿಯ ಮಗ ಲೋಹಿತನಿಗೆ ಇನ್ನೂ ಮೂರು ತುಂಬಿರಲಿಲ್ಲ. ಅವನು ಅಜ್ಜಿಯ ಹತ್ತಿರ ಇದ್ದಾನೆ ಎಂದು ಕಲ್ಯಾಣಿ ಅಂದುಕೊಂಡಳು. ಅಮ್ಮನ ಹತ್ತಿರ ಇದ್ದಾನೆ ಎಂದು ಅಜ್ಜಿ ಪೆದ್ದಕ್ಕ ಅಂದುಕೊಂಡಳು. ಹುಡುಗ ಬೀದಿಯಲ್ಲಿ ಬಿಸಿಲಿಗೆ ನಿಂತಿದ್ದ ಅಪ್ಪನ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಹತ್ತಿದ, ಬಾಗಿಲು ಮುಚ್ಚಿಕೊಂಡಿತು. ಕಾರು ಓಡುವಾಗ ಮಗು ಬಿದ್ದೀತು ಎಂದು ಅವನಪ್ಪ ನಾಗರಾಜನೇ ಆ ಬಾಗಿಲು ಒಳಗಿನಿಂದ ತೆಗೆಯಲು ಬಾರದಂತೆ ಲಾಕ್ ಹಾಕಿದ್ದ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹುಡುಕಾಟ ಶುರುವಾಯಿತು. ಸಿಕ್ಕಿದಾಗ ಹೊತ್ತು ಮೀರಿಹೋಗಿತ್ತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಎದುರಿನ ಸಿಮೆಂಟ್ ಅಂಗಡಿಯ ಸಿಸಿ ಕ್ಯಾಮೆರಾದ ವಿಡಿಯೊ ಹೊರಗೆ ಬಂತು. ಯಾರು ಬಿಟ್ಟರೋ ಅವರ ಮನೆ ಹಾಳಾಗ. ಅದರಲ್ಲಿ ಮಗು ಕಾರು ಹತ್ತುವುದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಕಲ್ಯಾಣಿ ಎಲೆ ಅಡಿಕೆ ತಟ್ಟೆ ಹಿಡಿದು ಅದೇ ಕಾರಿನ ಪಕ್ಕದಲ್ಲಿ ನಗುತ್ತ ಹಾದುಹೋಗುತ್ತಾಳೆ. ಆ ನಗುವಿನ ಸುತ್ತ ಯಾರೋ ಕೆಂಪು ಗೆರೆ ಎಳೆದರು, ಹಿಂದೆ ಸಂಗೀತ ಹಾಕಿದರು. ಚೂಡಂಡಿ, ಎಲಾ ನವ್ವುತೋಂದೋ, ಹೇಗೆ ನಗುತ್ತಾಳೆ ನೋಡಿ ಎಂದು ತೆಲುಗಿನಲ್ಲಿ ಒಬ್ಬ. ನೋಡಿ ಸ್ವಾಮಿ, ಇವಳೂ ಒಬ್ಬಳು ತಾಯಿ ಎಂದು ಕನ್ನಡದಲ್ಲಿ ಇನ್ನೊಬ್ಬ. ಫೋನಿನಲ್ಲಿ ಮುಳುಗಿದ್ದಳಂತೆ ಎಂದು ಒಂದು ಮಾತು ಹುಟ್ಟಿತು. ಕೈಯಲ್ಲಿ ಫೋನೇ ಇಲ್ಲ, ತಟ್ಟೆ ಇದೆ, ಕಣ್ಣಿದ್ದವರಿಗೆ ಕಾಣುತ್ತದೆ. ಗಂಡನ ಮೇಲಿನ ಸಿಟ್ಟಿಗೆ ಬೇಕೆಂದೇ ಮಾಡಿದಳು ಎನ್ನುವ ತನಕ ಹೋಯಿತು. ಪೊಲೀಸರು ವಿಚಾರಿಸಿ, ಇದು ಆಗಬಾರದ್ದು ಆಗಿಹೋದದ್ದು ಎಂದು ಮುಗಿಸಿದರು. ಜನ ಮುಗಿಸಲಿಲ್ಲ.

ಮಗಳು ಯಾಕೆ ನಕ್ಕಳು ಎಂಬುದು ಪೆದ್ದಕ್ಕನಿಗೆ ಗೊತ್ತು. ಗೇಟಿನಲ್ಲಿ ನಿಂತು, ನಿನ್ನ ಗಂಡ ಪಂಚೆಯ ಮೇಲೆ ಬೆಲ್ಟ್ ಬಿಗಿದುಕೊಂಡು ಓಡಾಡುತ್ತಿದ್ದಾನೆ ನೋಡೆ ಎಂದು ನಗಿಸಿದವಳು ಅವಳೇ. ಕ್ಯಾಮೆರಾಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಮೈಕು ಹಿಡಿದು ಬಂದ ಯೂಟ್ಯೂಬಿನವನಿಗೆ ಪೆದ್ದಕ್ಕ ಇದನ್ನೆಲ್ಲ ಹೇಳಿದಳು. ಮಗು ನನ್ನ ಹತ್ತಿರ ಇದೆ ಎಂದು ಅವಳು ನಂಬಿದ್ದಳಪ್ಪ, ಬೈಯುವುದಾದರೆ ನನ್ನನ್ನು ಬೈಯಿರಿ ಎಂದು ಕೈ ಮುಗಿದಳು. ಅವನು ಅಷ್ಟನ್ನೂ ಕತ್ತರಿಸಿ ಬಿಸಾಕಿ, ಇವಳು ಅಳುವುದನ್ನಷ್ಟೇ ಉಳಿಸಿಕೊಂಡ. ಅಜ್ಜಿಯನ್ನು ಬೈದರೆ ಯಾರಿಗೆ ರುಚಿ? ಕಲ್ಯಾಣಿ ಮಾತ್ರ ಒಂದು ದಿನವೂ ಅಮ್ಮನ ಕಡೆ ಬೆರಳು ತೋರಿಸಲಿಲ್ಲ.

ಅಲ್ಲಿಂದ ಮುಂದೆ ಕಲ್ಯಾಣಿಯ ಕೈಗೆ ಯಾರೂ ಮಗು ಕೊಡಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ, ಅವಳು ಹತ್ತಿರ ಬಂದರೆ ತಾಯಂದಿರು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು, ಅಷ್ಟೆ. ಪೆದ್ದಕ್ಕನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ನೆಂಟರೆಲ್ಲ ಕೂತು ನೋಡುತ್ತಿರುವಾಗ ಒಂದು ಕೂಸು ತನ್ನ ಮಗಳ ಕೈಗೆ ಬರಬೇಕು. ಇಲ್ಲದಿದ್ದರೆ ಅವಳು ಇನ್ನು ನಾಲ್ಕು ಜನರ ನಡುವೆ ತಲೆ ಎತ್ತಿ ಬದುಕುವುದಿಲ್ಲ ಎಂದು ಪೆದ್ದಕ್ಕನಿಗೆ ಮನದಟ್ಟಾಗಿತ್ತು. ಅಂದು ಗೋರಂಟ್ಲದಲ್ಲಿ ಕೊನೆಗೆ ಬಾಣಂತಿ ಸ್ನೇಹಲತಾಳೇ ಒಳಗಿನಿಂದ, ಅತ್ತಿಗೆಯೇ ಹಾಕಲಿ ಬಿಡಮ್ಮ ಎಂದಳು. ಮುನೆಮ್ಮ ಬೀಗಿತ್ತಿಯ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾಮಕರಣಕ್ಕೆ ಇನ್ನೂ ವಾರವಿರುವಾಗಲೇ ಪೆದ್ದಕ್ಕ ತಾನೇ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ, ಮಗಳ ಮನೆಗೆ ಹೋದಳು. ಕಲ್ಯಾಣಿ ಬರುವುದಿಲ್ಲ ಎಂದಳು. ಮಾತು ಜಾಸ್ತಿಯಿಲ್ಲ, ಬರುವುದಿಲ್ಲ, ಅಷ್ಟೇ. ನಾಗರಾಜ ಕಾರನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟು ಈಗ ಬಸ್ಸಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದ. ಅವನು ಒಳಗೆ ಹೋಗಿ ಹೆಂಡತಿಯ ಸೀರೆಗಳನ್ನು ತಾನೇ ಮಡಿಸಿ ಬ್ಯಾಗಿಗೆ ತುಂಬಿ ತಂದು ಅತ್ತೆಯ ಕಾಲ ಬಳಿ ಇಟ್ಟ.

"ಕರ್ಕೊಂಡೋಗಿ ಅತ್ತೆ. ಹಗಲೊತ್ತೂ ಬಾಗಿಲು ಹಾಕ್ಕೊಂಡೇ ಕೂತಿರ್ತಾಳೆ. ನನ್ ಕೈಲಿ ನೋಡಾಕಾಗಲ್ಲ," ಎಂದ.

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬಳು ಕಲ್ಯಾಣಿಯ ಮುಖವನ್ನೇ ನೋಡಿ ನೋಡಿ, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ, ಕಿಟಕಿಯ ಬಳಿ ನಿಂತಿದ್ದ ತನ್ನ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಪೆದ್ದಕ್ಕ ಸುಮ್ಮನಿರುವವಳೆ? ಏನಮ್ಮಾ, ನಮ್ಮ ಮುಖದಲ್ಲಿ ಸಿನಿಮಾ ಓಡುತ್ತಿದೆಯಾ ಎಂದು ತೆಲುಗಿನಲ್ಲೇ ತರಾಟೆಗೆ ತೆಗೆದುಕೊಂಡಳು. ಕಂಡಕ್ಟರ್ ಬಂದು ಸಮಾಧಾನ ಮಾಡಬೇಕಾಯಿತು. ಕಲ್ಯಾಣಿ ಸೆರಗು ಮುಖಕ್ಕೆ ಎಳೆದುಕೊಂಡು ಹಿಂದೂಪುರ ಬರುವ ತನಕ ಕಣ್ಣು ಮುಚ್ಚಿಯೇ ಕೂತಿದ್ದಳು.

ಮನೆಯಲ್ಲಿ, ಆಗಲೇ ಕೂಸಿನೊಂದಿಗೆ ಬಂದಿದ್ದ ಸ್ನೇಹಲತಾ ಅತ್ತಿಗೆಯನ್ನು ನೋಡಿ ಅಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಬನ್ನಿ ಅತ್ಗೆ, ಈ ಬಟ್ಟೆ ಒಣಗಿವೆಯಾ ನೋಡಿ ಎಂದು ಕೂಸಿನ ಬಟ್ಟೆಯ ರಾಶಿ ಕೈಗೆ ಕೊಟ್ಟಳು. ಕಲ್ಯಾಣಿ ಮಡಿಸಿದಳು. ಎರಡು ದಿನಕ್ಕೆ ಕೂಸಿನ ಹತ್ತಿರ ಹೋಗಿ ನಿಲ್ಲುವಷ್ಟಾದಳು, ಆಮೇಲೆ ಅದರ ಅಂಗಾಲು ಮುಟ್ಟಿದಳು. ಪೆದ್ದಕ್ಕ ಅವಳ ಬೆನ್ನು ಬಿಡಲಿಲ್ಲ. ಕಲ್ಯಾಣಿ ಕೋಣೆಗೆ ಹೋದರೆ ಸಾಕು, ಪೆದ್ದಕ್ಕನಿಗೆ ಅಲ್ಲೇ ಏನೋ ಕೆಲಸ ನೆನಪಾಗುತ್ತಿತ್ತು. ಮೊರ ಹಿಡಿದು ಬಂದು ಬಾಗಿಲಲ್ಲೇ ಅಕ್ಕಿ ಆರಿಸಲು ಕೂರುತ್ತಿದ್ದಳು. ಸ್ನೇಹಲತಾ ಸ್ನಾನಕ್ಕೆ ಎದ್ದರೆ ಪೆದ್ದಕ್ಕ ಹಾಜರು. ಗಂಡ ಗಂಗುಲಪ್ಪ, ಅಕ್ಕಿ ಎಷ್ಟು ಸಲ ಆರಿಸ್ತೀಯೆ, ಸವೆದು ನುಚ್ಚಾಗುತ್ತದೆ ಎಂದು ರೇಗಿಸಿದ. ಮಗಳಿಗೆ ಧೈರ್ಯ ತುಂಬಲು ಹತ್ತಿರ ಇದ್ದೇನೆ ಎಂದೇ ಪೆದ್ದಕ್ಕ ತಿಳಿದಿದ್ದಳು.

ನಾಮಕರಣದ ದಿನ ಬೆಳಿಗ್ಗೆ ನಡುಮನೆಯಲ್ಲಿ ತೊಟ್ಟಿಲು ಕಟ್ಟಿ ಹೂವು ಸುತ್ತಿದರು. ಚಾಪೆಯ ತುಂಬ ನೆಂಟರು. ವರಲಕ್ಷ್ಮಿಯೂ ರೇಷ್ಮೆ ಸೀರೆ ಉಟ್ಟು ಬಂದು, ಏನೂ ತಿಳಿಯದವಳ ಹಾಗೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವಳ ಪಕ್ಕದಲ್ಲಿ ಮುನೆಮ್ಮ. ಹುಡುಗಿಯರು ಆಗಲೇ ಫೋನು ಎತ್ತಿ ಹಿಡಿದಿದ್ದರು. ಶಾಸ್ತ್ರದಂತೆ ಮೊದಲು ಗುಂಡುಕಲ್ಲಿಗೆ ಸ್ನಾನ ಮಾಡಿಸಿ ತೊಟ್ಟಿಲಲ್ಲಿ ಮಲಗಿಸಿ ತೆಗೆದದ್ದಾಯಿತು, ಇನ್ನು ಕೂಸು ಬರಬೇಕು. ಕರೆಯಲು ಪೆದ್ದಕ್ಕ ಕೋಣೆಗೆ ಹೋದಳು. ಸ್ನೇಹಲತಾ ಕೂಸಿಗೆ ಅಂಗಿ ತೊಡಿಸುತ್ತಿದ್ದಳು. ಕಲ್ಯಾಣಿ ಗೋಡೆಗೆ ಒರಗಿ ನಿಂತು, ವರಲಕ್ಷ್ಮಿಗೇ ಹೇಳು ಎಂದಳು.

ಪೆದ್ದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಬಡಿದಾಡಿದ್ದು ಯಾರಿಗಾಗಿ?

"ಯಾರಿಗೆ ಹೆದ್ರಿಕೊಂಡು ಹಿಂದಕ್ಕೆ ಸರೀತೀಯ? ಆ ಮುನೆಮ್ಮಂಗಾ? ಫೋನ್ ಹಿಡ್ಕೊಂಡಿರೋ ಹುಡುಗೀರ್ಗಾ?"

"ಅವ್ರಿಗಲ್ಲ ಕಣಮ್ಮ," ಎಂದಳು ಕಲ್ಯಾಣಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರು ಒಂದು ಗಳಿಗೆ ನೋಡಿ ಮರ್ತೋಯ್ತಾರೆ. ನಾನು ಬಂದಾಗ್ನಿಂದ ನೀನು ಒಂದು ಗಳಿಗೇನೂ ಈ ಕೂಸ್ನ ನನ್ನೊಬ್ಳ ಹತ್ರ ಬುಟ್ಟಿಲ್ಲ. ನಿಂಗೇ ನಂಬ್ಕೆ ಇಲ್ಲ ಅಂದ್ಮೇಲೆ ಯಾರ ಮುಂದೆ ಏನ್ ತೋರ್ಸಾದು?"

ಪೆದ್ದಕ್ಕ ಸೊಸೆಯ ಮುಖ ನೋಡಿದಳು. ಸ್ನೇಹಲತಾ ತಲೆ ತಗ್ಗಿಸಿ ಕೂಸಿನ ಅಂಗಿಯ ದಾರ ಕಟ್ಟುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು ಹಾಗಾದರೆ. ಮೊರ, ಅಕ್ಕಿ, ಬಾಗಿಲು, ಎಲ್ಲ ಒಂದೇ ಸಲ ಪೆದ್ದಕ್ಕನ ಕಣ್ಣ ಮುಂದೆ ಬಂತು. ಹೌದು, ಹೆದರಿದ್ದೆ. ಹೆತ್ತ ಮಗಳ ಕೈಗೇ ಹೆದರಿದ್ದೆ. ಆ ಹಾಳು ವಿಡಿಯೊವನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಿದವಳು ನಾನೇ ಅಲ್ಲವಾ ಎಂದು ಅವಳಿಗೆ ನಾಚಿಕೆಯಾಯಿತು, ಮಗಳ ಮೇಲೆ ಎಂದೂ ಇಲ್ಲದ ಮಮತೆ ಉಕ್ಕಿ ಬಂತು.

ಸ್ನೇಹಲತಾ ಎದ್ದಳು. ಕೂಸನ್ನು ತಂದು ಕಲ್ಯಾಣಿಯ ಎದೆಗೆ ಒತ್ತಿದಳು.

"ನಾನು ಆ ಮನೇಲಿ ಸೀರೆ ಬದ್ಲಾಯಿಸ್ಕೊಂಡು ಬತ್ತೀನಿ ಅತ್ಗೆ. ಒಸಿ ಹೊತ್ತಾಯ್ತದೆ. ಇಟ್ಕೊಂಡಿರಿ," ಎಂದು ಪಕ್ಕದ ಮನೆಗೆ ಹೊರಟೇಹೋದಳು.

ಪೆದ್ದಕ್ಕನೂ ಹೊರಗೆ ಬಂದಳು. ಬಂದು ಬಾಗಿಲನ್ನು ತನ್ನ ಕೈಯಾರೆ ಎಳೆದು ಮುಚ್ಚಿದಳು. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಹೊಸಿಲಲ್ಲಿ ಕೂತಳು. ಕೂಸೆಲ್ಲಿ ಎಂದು ಮುನೆಮ್ಮ ಕಣ್ಣಿನಲ್ಲೇ ಕೇಳಿದಳು. ಒಳಗಿದೆ, ಅವರತ್ತೆ ಹತ್ತಿರ ಎಂದಳು ಪೆದ್ದಕ್ಕ. ಫೋನುಗಳೆಲ್ಲ ಬಾಗಿಲ ಕಡೆ ತಿರುಗಿದವು.

ಒಳಗೆ ಕೂಸು ಅಳತೊಡಗಿತು. ಮೊದಲು ಕುಯ್ಗುಟ್ಟಿತು, ಆಮೇಲೆ ಜೋರಾಯಿತು. ಮುನೆಮ್ಮ ಎದ್ದು ನಿಂತಳು.

"ಕೂತ್ಕಳಮ್ಮ," ಎಂದಳು ಪೆದ್ದಕ್ಕ. "ಕೂಸು ಅಂದ್ಮೇಲೆ ಅಳ್ತದೆ."

ಮುನೆಮ್ಮ ಕೂತಳು. ಅಳು ಇನ್ನಷ್ಟು ಏರಿತು. ಹೆಜ್ಜೆಯ ಸದ್ದು ಕೇಳಿಸುತ್ತಿತ್ತು, ಕಲ್ಯಾಣಿ ಎತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿರಬೇಕು. ಆಮೇಲೆ ಅಳು ಇದ್ದಕ್ಕಿದ್ದ ಹಾಗೆ ನಿಂತಿತು. ಹೆಜ್ಜೆಯೂ ನಿಂತಿತು. ಏನೂ ಕೇಳಿಸಲಿಲ್ಲ. ಪೆದ್ದಕ್ಕನಿಗೆ ಕಲ್ಯಾಣದುರ್ಗದ ಆ ಬೀದಿ, ಸದ್ದಿಲ್ಲದೆ ನಿಂತಿದ್ದ ಆ ಕಾರು ನೆನಪಾಯಿತು. ಬಾಗಿಲು ಬೆನ್ನಿಗೆ ತಾಗಿಯೇ ಇದೆ, ಒಂದು ಚೂರು ತಳ್ಳಿದರೆ ಸಾಕು. ಅವಳು ಎರಡು ಕೈಯನ್ನೂ ಮಡಿಲಲ್ಲಿ ಹೆಣೆದು ಬಿಗಿಯಾಗಿ ಹಿಡಿದುಕೊಂಡಳು. ನಂಬಬೇಕು ಎಂದು ಬಾಯಲ್ಲಿ ಹೇಳುವುದು ಎಷ್ಟು ಸಲೀಸು, ಕೂತು ನಂಬುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ಸ್ನೇಹಲತಾ ಸೀರೆ ಉಟ್ಟು ಬಂದಳು. ಅತ್ತೆ ಪೆದ್ದಕ್ಕ ಹೊಸಿಲಲ್ಲಿ ಕೂತಿರುವುದನ್ನು ನೋಡಿ, ತಾನೂ ಅಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಮುನೆಮ್ಮನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಪೆದ್ದಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವಳ ಹೆಗಲು ಸವರಿಕೊಂಡು ಕಲ್ಯಾಣಿಯ ಸೀರೆ ಮುಂದೆ ಹೋಯಿತು. ಫೋನು ಹಿಡಿದವರೆಲ್ಲ ನೋಡುತ್ತಿದ್ದರು, ಮುನೆಮ್ಮ ನೋಡುತ್ತಿದ್ದಳು, ವರಲಕ್ಷ್ಮಿ ಕತ್ತು ಚಾಚಿ ನೋಡುತ್ತಿದ್ದಳು. ಪೆದ್ದಕ್ಕ ಮಾತ್ರ ನೆಲ ನೋಡುತ್ತ ಕೂತಳು. ನಾನು ನೋಡುವುದಿಲ್ಲ ಎಂದು ನಿರ್ಧರಿಸಿಬಿಟ್ಟಿದ್ದಳು.

ತೊಟ್ಟಿಲ ಬಳಿ ಹೆಜ್ಜೆ ನಿಂತಿತು.

"ಅಮ್ಮ," ಎಂದು ಕಲ್ಯಾಣಿ ಕರೆದಳು. ಪೆದ್ದಕ್ಕ ತಲೆ ಎತ್ತಿದಳು. ಕೂಸು ಅತ್ತೆಯ ಹೆಗಲ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು, ಜೊಲ್ಲಿನಲ್ಲಿ ಅವಳ ರವಿಕೆ ಒದ್ದೆಯಾಗಿತ್ತು. ಕಲ್ಯಾಣಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಅಲ್ಲಿ ಕೂತ್ಕೊಂಡು ಏನ್ ಮಾಡ್ತೀಯ? ಬಾ, ಒಂದ್ಕಡೆ ಹಿಡ್ಕೊ."

ಪೆದ್ದಕ್ಕ ಎದ್ದು ಹೋಗಿ ಕೂಸಿನ ಕಾಲ ಕಡೆ ಹಿಡಿದಳು. ತಲೆಯನ್ನು ಮಗಳ ಕೈಗೇ ಬಿಟ್ಟಳು.