ಹೆಸರಿಲ್ಲದ ಸಾಲುಗಳು

ಸಾವಿನ ಮನೆಗೆ ವ್ಯಾನಿನಲ್ಲಿ ತಂದ ಕುರ್ಚಿಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ರಿಪೋರ್ಟಮ್ಮ ಕಾಲು ಕೊಟ್ಟು ಎಳೆಯುತ್ತಿದ್ದಳು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ವರದಿ ತಯಾರಿಸುವುದು ಅವಳ ಕೆಲಸ. ಕುರ್ಚಿ ಹೊರು ಎಂದು ಯಾರೂ ಹೇಳಿರಲಿಲ್ಲ. ಆದರೆ ಕೈ ಖಾಲಿಯಾದರೆ ಒಳಗೆ ಹೋಗಬೇಕು, ಒಳಗೆ ಹೋದರೆ ಏಣಿಯಣ್ಣನ ಮುಖ ನೋಡಬೇಕು. ಅದಕ್ಕಿಂತ ಕುರ್ಚಿಯೇ ವಾಸಿ.

“ಬಿಡಿ ಮೇಡಂ, ಬೆನ್ನು ಹಿಡ್ಕೊಂಡೀತು,” ಎಂದ ಡ್ರೈವರ್. ಅವಳು ಬಿಡಲಿಲ್ಲ.

ಸತ್ತ ಏಣಿಯಣ್ಣ ಕಂಪನಿಯ ಹಿರಿಯ ಮೆಕ್ಯಾನಿಕ್. ಏಣಿಯ ಹಂಗಿಲ್ಲದೆ ಸೂರು ಮುಟ್ಟುತ್ತಿದ್ದುದರಿಂದ ಆ ಹೆಸರು. ಈಗ ನಡುಮನೆಯಲ್ಲಿ ಮಂಚದ ಉದ್ದ ಸಾಲದೆ ಕಾಲಡಿಗೆ ಒಂದು ಸ್ಟೂಲು ಇಟ್ಟಿದ್ದರು. ಜೊತೆಯ ಮೆಕ್ಯಾನಿಕ್‌ಗಳು ಬಾಗಿಲ ಬಳಿ ಮೆಲ್ಲಗೆ ಮಾತಾಡುತ್ತಿದ್ದರು.

“ಲಿಫ್ಟ್ ನಿಂತ್ರೆ ಮೊದ್ಲು ಒಳಗೆ ಸಿಕ್ಕಿಬಿದ್ದೋರ ಹತ್ರ ಮಾತಾಡೋರು. ಇವತ್ತು ಏನು ಅಡುಗೆ ಅಂತ ಕೇಳೋರು.”

“ಒಳಗಿದ್ದೋರು ಅಡುಗೆ ಹೇಳಿ ಮುಗಿಸೋದ್ರೊಳಗೆ ಬಾಗಿಲು ತೆಗ್ದಿರೋದು.”

ಕುರ್ಚಿಯಲ್ಲಿ ಕೂತ ಕಂಪನಿಯ ಸಾಹೇಬರು ನಿಟ್ಟುಸಿರುಬಿಟ್ಟರು. “ಒಳ್ಳೆ ಮನುಷ್ಯ, ಪಾಪ. ಕೊನೆಕೊನೆಗೆ ಕೈ ನಿಧಾನ ಆಯ್ತು, ಅಷ್ಟೇ.”

ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಅಂಗಳದಲ್ಲಿದ್ದ ರಿಪೋರ್ಟಮ್ಮನಿಗೆ ಆ ಮಾತು ನೆಟ್ಟಗೆ ಬಂದು ನಾಟಿತು.

*

ಎರಡು ವರ್ಷದ ಹಿಂದೆ ಎಲ್ಲ ಮೆಕ್ಯಾನಿಕ್‌ಗಳ ಎಕ್ಸೆಲ್ ಹಾಳೆಗಳನ್ನೂ ಒಂದೇ ಅಚ್ಚಿಗೆ ತಂದು ಹೊಸ ವರದಿ ತಂತ್ರಾಂಶಕ್ಕೆ ತುಂಬುವ ಕೆಲಸ ಅವಳ ಪಾಲಿಗೆ ಬಂತು. ಒಬ್ಬೊಬ್ಬರದು ಒಂದೊಂದು ಅವತಾರ. ಒಬ್ಬ ತಾರೀಖುಗಳನ್ನು ಅಡ್ಡಡ್ಡ ಹಬ್ಬಿಸಿದ್ದ. ಇನ್ನೊಬ್ಬ ದೂರು ಬರೆಯುವ ಜಾಗದಲ್ಲಿ ಹೆಂಡತಿ ಹೇಳಿದ ತರಕಾರಿ ಬರೆದುಕೊಂಡಿದ್ದ. ಏಣಿಯಣ್ಣನದು ಮಾತ್ರ ನೋಡಲು ಅಚ್ಚುಕಟ್ಟು. ಕಟ್ಟಡದ ಹೆಸರನ್ನು ಒಮ್ಮೆ ಬರೆದು, ಅಲ್ಲಿ ಮಾಡಿದ ರಿಪೇರಿಗಳು ಎಷ್ಟು ಸಾಲಿದ್ದರೂ ಅಷ್ಟುದ್ದಕ್ಕೂ ಹೆಸರಿನ ಚೌಕಗಳನ್ನು ಸೇರಿಸಿ ಒಂದೇ ಮಾಡಿಬಿಡುತ್ತಿದ್ದರು.

“ಅದೇ ಹೆಸರು ಎಷ್ಟು ಸಲ ಬರೆಯೋದಮ್ಮ? ಓದೋರಿಗೆ ಕಣ್ಣಿಲ್ವಾ?” ಎಂದು ನಕ್ಕಿದ್ದರು.

ಓದುವವರಿಗೆ ಕಣ್ಣಿತ್ತು, ತಂತ್ರಾಂಶಕ್ಕಿರಲಿಲ್ಲ. ಸೇರಿಸಿದ ಚೌಕವನ್ನು ಅವಳು ಬಿಡಿಸಿದಾಗ ಹೆಸರು ಮೊದಲ ಸಾಲಿನಲ್ಲಷ್ಟೇ ಉಳಿಯಿತು, ಕೆಳಗಿನವೆಲ್ಲ ಖಾಲಿಯಾದವು. ಕಟ್ಟಡದ ಹೆಸರಿಲ್ಲದ ಸಾಲು ಕಸವೆಂದುಕೊಂಡು ಅಂಥವನ್ನೆಲ್ಲ ಒಂದೇ ಏಟಿಗೆ ಅಳಿಸಿದಳು. ಒಂದು ಕಟ್ಟಡದಲ್ಲಿ ಏಣಿಯಣ್ಣ ದಿನವಿಡೀ ಬೆವರು ಸುರಿಸಿದ್ದು ಒಂದೇ ಒಂದು ರಿಪೇರಿಯಾಗಿ ನಿಂತಿತು.

ಸಭೆಯಲ್ಲಿ ಗೋಡೆ ತುಂಬ ಗ್ರಾಫು. ಎಲ್ಲರ ಕಂಬಗಳ ನಡುವೆ ಏಣಿಯಣ್ಣನದು ಮೊಣಕಾಲೆತ್ತರ. ಯಾರೋ ಕಿಸಕ್ಕೆಂದರು. ಏಣಿಯಣ್ಣ ಎದ್ದು ಗೋಡೆಯ ಹತ್ತಿರ ಹೋಗಿ ನೋಡಿ, ಅವಳ ಕಡೆ ತಿರುಗಿದರು.

“ಇಷ್ಟೇನಾ ನಾನು ಮಾಡಿದ್ದು?”

“ಹಾಳೇಲಿ ಇರೋದೇ ಬಂದಿದೆ ಅಣ್ಣ.”

ಅವರು ನಂಬಿದರು. ಮುಂದಿನ ವಾರ ಅವರನ್ನು ಬಿಡಿಭಾಗಗಳ ಸ್ಟೋರಿನಲ್ಲಿ ಕೂರಿಸಲಾಯಿತು.

ಅವರ ಜಾಗಕ್ಕೆ ಬಂದವನು ಅದೇ ಹಾಳೆಯನ್ನು ಅದೇ ರೀತಿ ಮುಂದುವರಿಸಿದ. ಇವನ ಕಂಬವೂ ಕುಳ್ಳಗಾದಾಗ ಅವಳಿಗೆ ಅನುಮಾನ ಬಂತು. ಅಳಿಸಿದ ಸಾಲುಗಳನ್ನು ಮೂಲ ಹಾಳೆಯಲ್ಲಿ ತೆಗೆದು ನೋಡಿದರೆ ಒಂದೊಂದೂ ಮಾಡಿದ ರಿಪೇರಿಯೇ, ಏಣಿಯಣ್ಣನವೂ. ಹೆಸರು ಕೆಳಗಿನ ಸಾಲುಗಳಿಗೂ ಇಳಿಯುವಂತೆ ಸದ್ದಿಲ್ಲದೆ ಸರಿಪಡಿಸಿದಳು, ಆ ತಿಂಗಳಿಂದ ಮುಂದಕ್ಕೆ ಮಾತ್ರ. ಹಳೆಯದನ್ನು ಮುಟ್ಟಿದರೆ ಯಾಕೆಂದು ಕೇಳುತ್ತಾರಲ್ಲ. ಕಂಬ ತಟ್ಟನೆ ಎದ್ದು ನಿಂತಿತು.

“ನೋಡಿ, ಆಳು ಬದಲಾಯಿಸಿದ್ದಕ್ಕೆ ಎಷ್ಟು ವ್ಯತ್ಯಾಸ,” ಎಂದರು ಸಾಹೇಬರು. ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಹೇಡಿತನ ಎಂದು ಅವಳಿಗೂ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು, ಆ ನಾಳೆ ಬರಲೇ ಇಲ್ಲ.

*

ಏಣಿಯಣ್ಣನ ಹೆಂಡತಿ ನೀರಿನ ಲೋಟ ಹಿಡಿದು ಅಂಗಳಕ್ಕೆ ಬಂದರು. “ಕುಡಿಯಮ್ಮ. ಆಗ್ಲಿಂದ ಒಬ್ಳೇ ಹೊರ್ತಿದೀಯ. ರಿಪೋರ್ಟ್ ಮಾಡೋ ಹುಡುಗಿ ನೀನೇ ಅಲ್ವಾ?”

“ಹೂಂ ಅತ್ತಿಗೆ.”

“ನಿನ್ನ ವಿಷ್ಯ ಹೇಳ್ತಿದ್ರು. ಆ ಹುಡುಗಿ ಸುಳ್ಳು ಹೇಳೋಳಲ್ಲ, ನನ್ನ ಕೈಯೇ ಕೆಟ್ಟಿದೆ ಅನ್ನೋರು. ಆಮೇಲೆ ಮನೇಲಿ ನಲ್ಲಿ ಸೋರಿದ್ರೂ ಮುಟ್ಲಿಲ್ಲ ನೋಡು. ಯಾರನ್ನಾದ್ರೂ ಕರಿ, ನನ್ನ ಕೈಲಾಗಲ್ಲ ಅಂದ್ಬಿಟ್ರು.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ನೀರು ಕುಡಿಯದೆ ಲೋಟವನ್ನು ಹಿಂದಕ್ಕೆ ಕೊಟ್ಟಳು.

“ಅತ್ತಿಗೆ, ಅವ್ರ ಕೈ ಕೆಟ್ಟಿರ್ಲಿಲ್ಲ. ಅವ್ರು ಮಾಡಿದ ಕೆಲ್ಸಾನ ನಾನೇ ಅಳಿಸಿಬಿಟ್ಟಿದ್ದೆ, ಗೊತ್ತಿಲ್ದೆ. ಗೊತ್ತಾದ್ಮೇಲೂ ಹೇಳ್ಲಿಲ್ಲ.”

“ಯಾವಾಗ ಗೊತ್ತಾಯ್ತು?”

“ಹೋದ ವರ್ಷ.”

“ಹೋದ ವರ್ಷ ಚೆನ್ನಾಗೇ ಇದ್ರಲ್ಲ,” ಎಂದರು ಅವರು ತಗ್ಗಿದ ದನಿಯಲ್ಲಿ. “ದಿನಾ ನಿನ್ನ ಮುಂದೇನೇ ಓಡಾಡ್ತಿದ್ರಲ್ಲ.”

ಹೆಂಗಸು ಲೋಟವನ್ನು ಕುರ್ಚಿಯ ಮೇಲಿಟ್ಟು, ಅವಳ ಮಣಿಕಟ್ಟು ಹಿಡಿದು ಒಳಗೆ ಮಂಚದ ಬಳಿಗೆ ಕರೆದೊಯ್ದರು. ಮೆಕ್ಯಾನಿಕ್‌ಗಳು ಸರಿದು ದಾರಿ ಬಿಟ್ಟರು. ಸಾಹೇಬರು ಕಾಲು ಒಳಗೆಳೆದುಕೊಂಡರು.

“ನಂಗಲ್ಲ, ಅವ್ರಿಗೆ ಹೇಳು,” ಎಂದರು ಹೆಂಗಸು. “ಇವ್ರೆಲ್ಲಾ ಕೇಳೋ ಹಾಗೆ ಹೇಳು.”

ರಿಪೋರ್ಟಮ್ಮ ಬಾಯಿ ತೆರೆದಳು. ಮುಖ ನೋಡುವ ಧೈರ್ಯ ಸಾಲದೆ, ಎದೆಯ ಮೇಲೆ ಜೋಡಿಸಿಟ್ಟಿದ್ದ ಅವರ ದೊಡ್ಡ ಕೈಗಳನ್ನೇ ನೋಡುತ್ತ ಹೇಳತೊಡಗಿದಳು. ಉಗುರಿನ ಸಂದಿಯಲ್ಲೂ ಗ್ರೀಸಿನ ಗುರುತಿರಲಿಲ್ಲ. ಗುಮಾಸ್ತರ ಕೈಗಳಂತೆ ಬೆಳ್ಳಗಿದ್ದವು.