ಕದ್ದ ಆವರ್ತ

ಲೆದ್ವಾಬ ಮೇಷ್ಟ್ರ ಮನೆಯ ಕಪಾಟಿನಲ್ಲಿ ನಾನೂರ ಹನ್ನೆರಡು ಜಾಝ್ ಸಿ.ಡಿ.ಗಳಿದ್ದವು. ಅವನ್ನು ಧ್ವನಿಮುದ್ರಣವಾದ ವರ್ಷದ ಕ್ರಮದಲ್ಲಿ ಜೋಡಿಸಿಟ್ಟಿದ್ದರು. ಒಂದೇ ವರ್ಷದವನ್ನು ತಿಂಗಳ ಕ್ರಮದಲ್ಲಿ. ದಕ್ಷಿಣ ಆಫ್ರಿಕಾದ ಮಾಮೆಲೋಡಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವರು ಅದಕ್ಕಿಂತ ಕಡಮೆ ಶಿಸ್ತನ್ನು ಸಹಿಸುವುದು ಸಾಧ್ಯವಿರಲಿಲ್ಲ. ಹೆಂಡತಿ ರೈಸಿಬೆ ಧೂಳು ಒರೆಸುವಾಗ ಒಂದು ಡಬ್ಬಿ ಸ್ಥಾನ ತಪ್ಪಿದರೂ ಮೇಷ್ಟ್ರು ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು.

ನಾನೂರ ಹನ್ನೊಂದು ಅವರು ಕೊಂಡವು. ಒಂದು ಮಾತ್ರ ಅವರದು. ಜಾಝ್ ಪ್ರಿಯರ ನೀಲಿ ಟೋಪಿ ಸಂಘದಲ್ಲಿ ಕೊಂಡದ್ದಕ್ಕೂ ತನ್ನದಕ್ಕೂ ವ್ಯತ್ಯಾಸವಿತ್ತು. ಭಾನುವಾರ ಮಧ್ಯಾಹ್ನ ಅಧ್ಯಕ್ಷ ಮೊಥಾಪೊನ ಅಂಗಳದಲ್ಲಿ ಸೇರುವ ಆ ಸಂಘದ ಪ್ರತಿ ಸದಸ್ಯನಿಗೂ ಒಂದು ಸ್ವಂತ ಟ್ಯೂನು ಇರಬೇಕು. ಅದು ಮೊಳಗಿದಾಗ ಮೊದಲು ಕಣಕ್ಕಿಳಿದು ಕುಣಿಯುವ ಹಕ್ಕು ಅವನದು. ಉಳಿದವರು ಅವನ ಹಿಂದೆ. ತಲೆಯ ಮೇಲೆ ನೀಲಿ ಟೋಪಿ ಇಲ್ಲದವನು ಕುಣಿಯುವಂತಿಲ್ಲ. ಒಂದೇ ಟ್ಯೂನಿಗೆ ಇಬ್ಬರು ಒಡೆಯರಿರುವಂತಿಲ್ಲ. ಎರಡನೆಯವರು ಬಂದರೆ ಎರಡು ಸಿ.ಡಿ.ಗಳಿಗೂ ‘ತೂಕ’ ನಡೆಯುತ್ತದೆ: ಒಂದಾದ ಮೇಲೊಂದು ಹಾಕಿ ಕೇಳಿ, ಮುಂದಿನ ಭಾನುವಾರ ಕೈ ಎತ್ತಿ ತೀರ್ಮಾನ. ಸೋತವರು ಹಳಬರಾದರೆ ಟ್ಯೂನು ಬಿಡಬೇಕು. ಹೊಸಬರಾದರೆ ಒಂದು ವರ್ಷ ಸಂಘದ ಹೊಸ್ತಿಲು ತುಳಿಯುವಂತಿಲ್ಲ.

ಮೇಷ್ಟ್ರ ಟ್ಯೂನಿನ ಹೆಸರು ‘ಎಂಟನೇ ಮಹಡಿ’. 1958ರಲ್ಲಿ ನ್ಯೂಯಾರ್ಕಿನಲ್ಲಿ ಆರು ಮಂದಿ ಸೇರಿ ನುಡಿಸಿದ್ದು. ಡ್ರಮ್ಮಿನ ಮುಂದೆ ಕೂತವನು ಓಟಿಸ್ ಕ್ರೇನ್. ನಾಲ್ಕು ಪೆಟ್ಟಿಗೆ ಒಂದು ಆವರ್ತ, ಮೂವತ್ತೆರಡು ಆವರ್ತಕ್ಕೆ ಒಂದು ಸುತ್ತು, ಶುರುವಿನ ಮುನ್ನುಡಿ, ಕೊನೆಯ ಮುಕ್ತಾಯ ಬಿಟ್ಟು ಅಂಥ ಆರು ಸುತ್ತು. ಆದರೆ ಮೂರನೆಯ ಸುತ್ತಿನಲ್ಲಿ ಮೂವತ್ತೊಂದೇ ಆವರ್ತ. ಅದನ್ನು 1996ರಲ್ಲಿ ಮೊದಲು ಎಣಿಸಿದವರು ಮೇಷ್ಟ್ರು. ಕ್ರೇನ್ ಬೇಕೆಂದೇ ಒಂದು ಆವರ್ತ ಕದ್ದಿದ್ದಾನೆ, ಐವರು ಜೊತೆಗಾರರು ಕಣ್ಣು ಮಿಟುಕಿಸದೆ ಹಿಂಬಾಲಿಸಿದ್ದಾರೆ, ಇದೇ ಮಹಾ ವಿದ್ವತ್ತು ಎಂದು ಅವರು ಸಂಘಕ್ಕೆ ಪಾಠ ಹೇಳಿದರು. ಅಷ್ಟೇ ಅಲ್ಲ. ಕದಿಯುವ ಮುಂಚೆ ಕ್ರೇನ್ ಮೂರು ಸಲ ಉಗುರಿನಿಂದ ‘ಟಿಕ್’ ಎಂದು ಸನ್ನೆ ಮಾಡುತ್ತಾನೆ ಎಂದೂ ತೋರಿಸಿಕೊಟ್ಟರು. ಆ ಮೂರನೆಯ ಟಿಕ್ಕಿಗೆ ಎಡಗಾಲು ಎತ್ತಿ, ಟೋಪಿ ತೆಗೆದು ಮೇಲೆತ್ತಿ, ಕಂಚಿನ ತಟ್ಟೆ ‘ಝಣ್’ ಎಂದಾಗ ಕಾಲು ಊರುವುದು: ಇದು ನೀಲಿ ಟೋಪಿಯ ಹೆಜ್ಜೆ. ಪ್ರಿಟೋರಿಯಾದ ಸುತ್ತಿನ ಸಂಘಗಳೆಲ್ಲ ಅದನ್ನು ‘ಮೇಷ್ಟ್ರ ಕಾಲು’ ಎಂದೇ ಕರೆಯುತ್ತಿದ್ದವು. ಇಪ್ಪತ್ತೆರಡು ವರ್ಷ, ತಿಂಗಳ ಕೊನೆಯ ಭಾನುವಾರ, ಆ ಕುಣಿತ ಒಮ್ಮೆಯೂ ತಪ್ಪಿರಲಿಲ್ಲ.

ಇಂಥ ಟ್ಯೂನನ್ನೇ ಹಿಡಿದು ಹುನಾದಿ ಮಷೀಲೊ ಬಂದರು. ಅರವತ್ತು ದಾಟಿದ, ಎತ್ತರದ ಹೆಂಗಸು. ಆಸ್ಪತ್ರೆಯ ನರ್ಸ್ ಆಗಿದ್ದವರು. ಹೋದ ವರ್ಷ ತೀರಿಕೊಂಡ ಗಂಡ ಬೇರೊಂದು ಊರಿನ ಸಂಘದವನು. ಅವರ ಚೀಲದಿಂದ ಹೊರಬಂದ ಸಿ.ಡಿ. ಜಪಾನಿನಲ್ಲಿ ಅಚ್ಚಾದದ್ದು; ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ಕೂಡ ಹರಿದಿರಲಿಲ್ಲ. ಅಂಥ ಅಪರೂಪದ ಅಚ್ಚನ್ನು ನೋಡಲು ಅಂಗಳದಲ್ಲಿ ನಾಲ್ಕಾರು ಮಂದಿ ಕತ್ತು ಚಾಚಿದರು.

“ಅಮ್ಮಾ, ಬೇರೆ ಯಾವ್ದಾದ್ರೂ ತಂದಿದ್ದೀರಾ?” ಎಂದ ಅಧ್ಯಕ್ಷ ಮೊಥಾಪೊ. “ಈ ಟ್ಯೂನಿಗೆ ನಮ್ಮ ಮೇಷ್ಟ್ರು ಬೇಲಿ ಹಾಕ್ಕೊಂಡು ಕೂತಿದ್ದಾರೆ.”

“ನಮ್ಮ ಯಜಮಾನ್ರು ಕುಣೀತಿದ್ದಿದ್ದು ಇದಕ್ಕೇ. ನಾನು ಮೂಲೇಲಿ ನಿಂತು ಚಪ್ಪಾಳೆ ತಟ್ತಿದ್ದೆ. ಈಗ ನಾನೇ ಕುಣೀಬೇಕು. ಬೇರೆದು ನಂಗ್ಯಾಕೆ?”

ಮೇಷ್ಟ್ರು ಡಬ್ಬಿ ತಿರುವಿ ನೋಡಿದರು. “ಇದ್ರಲ್ಲಿ ಆರು ನಿಮಿಷ ಹದಿನೈದು ಸೆಕೆಂಡು ಅಂತಿದೆ. ಟ್ಯೂನು ಇರೋದು ಆರು ಹದಿಮೂರು.”

“ಅಂಗಡೀಲಿ ಎರಡು ಕಾಳು ಕೊಸರು ಹಾಕಿದ್ರೆ ಯಾರಾದ್ರೂ ಜಗಳ ಆಡ್ತಾರಾ, ನ್ತಾತೆ?”

ನ್ತಾತೆ ಎಂದರೆ ಹಿರಿಯ ಗಂಡಸಿಗೆ ಕೊಡುವ ಮರ್ಯಾದೆ. ಆದರೆ ಆಕೆಯ ಬಾಯಲ್ಲಿ ಅದು ಮರ್ಯಾದೆಯಂತೆ ಕೇಳಿಸಲಿಲ್ಲ.

ತೂಕಕ್ಕೆ ಮೊದಲು ಮೇಷ್ಟ್ರ ಸಿ.ಡಿ. ಹಾಕಿದರು. ಟಿಕ್, ಟಿಕ್, ಟಿಕ್, ಇಪ್ಪತ್ತು ಎಡಗಾಲು ಮೇಲೆದ್ದವು, ಝಣ್, ಇಪ್ಪತ್ತು ಕಾಲು ನೆಲಕ್ಕೆ. ಹುನಾದಿ ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ಅವರ ಸಿ.ಡಿ.ಯ ಸರದಿ. ಶಬ್ದ ತೊಳೆದಿಟ್ಟ ಗಾಜಿನಂತಿತ್ತು. ಮೂರನೆಯ ಸುತ್ತು ಮುಗಿಯುತ್ತ ಬಂತು. ಟಿಕ್ ಇಲ್ಲ. ಆದರೂ ಅಭ್ಯಾಸಬಲದಿಂದ ಇಪ್ಪತ್ತು ಕಾಲು ಎದ್ದವು, ಇಪ್ಪತ್ತು ಕಾಲು ಊರಿದವು, ಝಣ್ ಬರಲೇ ಇಲ್ಲ. ಮೆಟ್ಟಿಲು ಮುಗಿದಿದ್ದರೂ ಇನ್ನೊಂದು ಇದೆಯೆಂದು ಇಳಿದವರಂತೆ ಎಲ್ಲರೂ ಮುಗ್ಗರಿಸಿದರು. ಒಂದು ಆವರ್ತ ತಡವಾಗಿ ಝಣ್ ಎಂದಾಗ ಮೊಥಾಪೊ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಬ್ಬಿಕೊಂಡು, ಮಡಿಲಲ್ಲಿ ಒಂದು ತಟ್ಟೆ ಬೋಟಿ ಸಾರು ಹೊತ್ತು ನೆಲದಲ್ಲಿ ಕೂತಿದ್ದ.

“ಅಧ್ಯಕ್ಷರೇ, ಮೈಗೆ ಊಟ ಮಾಡಿಸ್ತಿದ್ದೀರಾ?” ಎಂದು ಯಾರೋ ಕೂಗಿದರು. ನಗು ಮುಗಿಯುವ ತನಕ ಮೇಷ್ಟ್ರು ಕಾದರು.

“ಆಕೆ ಸಿ.ಡಿ. ಸರಿ ಇಲ್ಲ,” ಎಂದರು. “ಯಾರೋ ಬುದ್ಧಿವಂತರು ಕ್ರೇನ್ ತಪ್ಪು ಮಾಡಿದ್ದಾನೆ ಅಂದ್ಕೊಂಡು ಒಂದು ಆವರ್ತ ತೇಪೆ ಹಾಕಿದ್ದಾರೆ.”

“ತೇಪೆ ಹಾಕೋಕೆ ಆರೂ ಜನರನ್ನ ಗೋರಿಯಿಂದ ಎಬ್ಬಿಸಿದ್ರಾ?” ಎಂದರು ಹುನಾದಿ. “ಒಟ್ಟಿಗೆ ನುಡಿಸ್ತಾ ಇದ್ದಾರಲ್ಲ, ಕೇಳಿಸ್ಲಿಲ್ವಾ?”

“ಮೇಷ್ಟ್ರು ಹೇಳಿದ್ಮೇಲೆ ಮುಗೀತು ಬಿಡಿ,” ಎಂದ ಮೊಥಾಪೊ, ಪ್ಯಾಂಟು ಒರೆಸಿಕೊಳ್ಳುತ್ತ. ಹಲವರು ತಲೆಯಾಡಿಸಿದರು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ಲೆಕ್ಕ ಮಾಡದೆಯೇ ಉತ್ತರ ಬರೆಯುವ ಹುಡುಗರನ್ನು ಅವರು ಎಂದೂ ಪಾಸು ಮಾಡಿದವರಲ್ಲ.

“ಮುಗೀಲಿಲ್ಲ. ಎರಡೂ ಒಂದು ವಾರ ನನ್ನ ಹತ್ರ ಇರ್ಲಿ. ಲೆಕ್ಕ ಹಾಕಿ ಹೇಳ್ತೀನಿ.”

“ನಂದನ್ನ ಕೊಡೋಕೆ ಒತ್ತೆ ಏನಿಡ್ತೀರಿ?” ಎಂದು ಹುನಾದಿ ಕೇಳಿದರು.

ಮೇಷ್ಟ್ರು ತಲೆಯ ಮೇಲಿನ ನೀಲಿ ಟೋಪಿ ತೆಗೆದು ಅವರ ಕೈಗಿಟ್ಟರು. ಬೋಳುತಲೆಯಲ್ಲಿ ಮನೆಗೆ ಬಂದ ಗಂಡನನ್ನು ನೋಡಿ ರೈಸಿಬೆ, “ಯಾರ ಕೈಗೆ ಸಿಕ್ಕಾಕೊಂಡ್ರಿ?” ಎಂದಷ್ಟೇ ಕೇಳಿದಳು.

ಸೋಮವಾರ ಬೆಳಗಿನ ಗಂಜಿ ಮುಗಿಸಿ ಮೇಷ್ಟ್ರು ಕೂತರು: ಚೌಕುಳಿ ಪುಸ್ತಕ, ಸೀಸದ ಕಡ್ಡಿ, ಕಿವಿಗೆ ಹೆಡ್‌ಫೋನು, ಶಾಲೆಯ ಕ್ರೀಡಾಕೂಟದ ಕಾಲದ ಸ್ಟಾಪ್‌ವಾಚು. ಆವರ್ತಕ್ಕೊಂದು ಗೀಟು. ತಮ್ಮದರಲ್ಲಿ ಐದು ಸುತ್ತು ಮೂವತ್ತೆರಡು, ಒಂದು ಸುತ್ತು ಮೂವತ್ತೊಂದು. ಆಕೆಯದರಲ್ಲಿ ಆರೂ ಮೂವತ್ತೆರಡು. ಮಂಗಳವಾರ ಒಂದೊಂದು ವಾದ್ಯವನ್ನೇ ಬೇರೆಬೇರೆಯಾಗಿ ಹಿಂಬಾಲಿಸಿದರು. ಆಕೆಯ ಸಿ.ಡಿ.ಯಲ್ಲಿ ಆ ಹೆಚ್ಚಿನ ಆವರ್ತದೊಳಗೆ ತುತ್ತೂರಿಯವನು ಒಂದು ಉಸಿರು ಎಳೆದುಕೊಳ್ಳುತ್ತಾನೆ; ಆ ಉಸಿರಿನಿಂದಲೇ ಮುಂದಿನ ಸುತ್ತಿನ ಉದ್ದನೆಯ ಸ್ವರ ಹುಟ್ಟುತ್ತದೆ. ತಮ್ಮ ಸಿ.ಡಿ.ಯಲ್ಲಿ ಆ ಸ್ವರ ಉಸಿರೇ ಇಲ್ಲದೆ ಹುಟ್ಟುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನೂ ಅವರು ವಿದ್ವತ್ತು ಎಂದೇ ಕರೆದಿದ್ದರು.

ಬುಧವಾರ ಉಳಿದದ್ದು ಉಗುರು. ಮೊದಲ ಟಿಕ್ಕಿನಿಂದ ಮೂರನೆಯ ಟಿಕ್ಕಿಗೆ ಸ್ಟಾಪ್‌ವಾಚು ಒತ್ತಿದರು. ಮೂರು ಮುಕ್ಕಾಲಿಗೆ ಕಡಮೆ, ಮೂರೂವರೆಗೆ ಹೆಚ್ಚು. ಹತ್ತು ಸಲ ಅಳೆದು ಸರಾಸರಿ ತೆಗೆದರು: 3.6 ಸೆಕೆಂಡು. ಅಂದರೆ ಟಿಕ್ಕಿನಿಂದ ಟಿಕ್ಕಿಗೆ 1.8. ಈ ಸಂಖ್ಯೆಯನ್ನು ತಾವು ಎಲ್ಲೋ ಕಂಡಿದ್ದೇವೆ ಎನಿಸಿತು. ಎದ್ದು ನೀರು ಕುಡಿದರು. ಬಂದು ಕೂತರು. ಹಳೆಯ ಕಪ್ಪು ತಟ್ಟೆಯ ರೆಕಾರ್ಡು ಮೂರು ನಿಮಿಷಕ್ಕೆ ನೂರು ಸಲ ತಿರುಗುತ್ತದೆ. ನೂರ ಎಂಬತ್ತು ಸೆಕೆಂಡಿಗೆ ನೂರು. ಒಂದಕ್ಕೆ 1.8.

ಆ ಸಂಖ್ಯೆಯ ಸುತ್ತ ಸೀಸದ ಕಡ್ಡಿಯಿಂದ ಒಂದು ವೃತ್ತ ಎಳೆದರು.

ಉಗುರೂ ಇಲ್ಲ, ಕಳ್ಳತನವೂ ಇಲ್ಲ. ಮೇಷ್ಟ್ರ ಸಿ.ಡಿ. ಮಾಡಿದವರಿಗೆ ಮೂಲದ ಟೇಪು ಸಿಕ್ಕಿರಲಿಲ್ಲ. ಸವೆದ ಒಂದು ರೆಕಾರ್ಡಿನಿಂದ ನಕಲು ಮಾಡಿಕೊಂಡಿದ್ದರು. ಅದರ ಮೇಲೊಂದು ಗೀರು. ತಟ್ಟೆ ತಿರುಗಿದಂತೆಲ್ಲ ಟಿಕ್, ಮೂರನೆಯ ಸಲಕ್ಕೆ ಮುಳ್ಳು ಪಕ್ಕದ ಗೆರೆಗೆ ಹಾರಿ ತಟ್ಟೆಯ ಒಂದು ತಿರುವಿನಷ್ಟು ಶಬ್ದ ನುಂಗಿದೆ. ಟ್ಯೂನಿನ ಒಂದು ಆವರ್ತವೂ ಆಕಸ್ಮಿಕವಾಗಿ 1.8 ಸೆಕೆಂಡೇ. ಆದ್ದರಿಂದ ಹಾರಿದ್ದು ಅರ್ಧವೂ ಅಲ್ಲ, ಮುಕ್ಕಾಲೂ ಅಲ್ಲ, ಸರಿಯಾಗಿ ಒಂದು. ಹೊಲಿಗೆ ಯಾರ ಕಿವಿಗೂ ಸಿಕ್ಕಿರಲಿಲ್ಲ. ಎರಡು ಸಂಖ್ಯೆಗಳು ಇಷ್ಟು ಚೊಕ್ಕವಾಗಿ ಕೂಡಿದ್ದನ್ನು ಕಂಡು ಮೇಷ್ಟ್ರಿಗೆ ಒಂದು ಗಳಿಗೆ ಶುದ್ಧ ಸಂತೋಷವಾಯಿತು. ಆಮೇಲೆ ಅದರ ಅರ್ಥ ಹೊಳೆಯಿತು.

“ಏನಾಯ್ತು? ಮುಖ ಹಂಗ್ಯಾಕಿದೆ?” ಎಂದಳು ರೈಸಿಬೆ.

“ಉತ್ತರ ಸಿಕ್ತು.”

“ಸಿಕ್ಕಿದ್ಮೇಲೆ ಹೋಗಿ ಹೇಳೋದಪ್ಪ.”

“ಹೇಳಿದ್ರೆ ಟ್ಯೂನು ಆಕೇದು. ಮೇಷ್ಟ್ರ ಕಾಲು ಅಂತ ಕುಣಿದಿದ್ದೆಲ್ಲ ರೆಕಾರ್ಡಿನ ಗೀರಿಗೆ ಕುಣಿದಂಗಾಯ್ತು. ಹೇಳ್ದಿದ್ರೆ ಯಾರ್ಗೂ ಗೊತ್ತಾಗಲ್ಲ. ಎಲ್ಲ ನನ್ನ ಕಡೆಗೇ ಕೈ ಎತ್ತುತಾರೆ.”

ರೈಸಿಬೆ ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ಒಂದು ವರ್ಷ ಆಯಮ್ಮ ಹೊರಗಿರ್ಬೇಕು, ನೀವು ಒಳಗೆ ಕುಣೀಬೇಕು. ಕಾಲು ಏಳುತ್ತಾ ನೋಡ್ಕೊಳ್ಳಿ.”

ಭಾನುವಾರ, ತಿಂಗಳ ಕೊನೆಯದು. ಮೇಷ್ಟ್ರು ಬರಿದಲೆಯಲ್ಲಿ ಬಂದು, ಸೀಮೆಸುಣ್ಣ ಹಿಡಿದು, ಮೊಥಾಪೊನ ಗ್ಯಾರೇಜಿನ ತಗಡು ಬಾಗಿಲ ಮೇಲೆ ಲೆಕ್ಕ ಬರೆದರು. ಮೂರು ಸಾಲು. ಒಂದೊಂದನ್ನೂ ಓದಿ ಹೇಳಿದರು. ಕೊನೆಗೆ ಕೆಳಗೆ ಎರಡು ಗೀಟೆಳೆದು, “ಮಷೀಲೊ ಅವರದ್ದು ಸರಿ. ನನ್ನದು ತಪ್ಪು,” ಎಂದರು.

ಮೊಥಾಪೊಗೆ ಅಳು ಬಂದಂತಿತ್ತು. “ಹಂಗಾದ್ರೆ ಆ ಉಗುರು?”

“ಉಗುರಲ್ಲ, ಗೀರು.”

“ಇಪ್ಪತ್ತೆರಡು ವರ್ಷ ಗೀರಿಗೆ ಟೋಪಿ ತೆಗೆದ್ವಾ ನಾವು?”

“ತೆಗೆದ್ವಿ.”

ಹಿಂದಿನಿಂದ ಒಬ್ಬರು ಫಕ್ಕನೆ ನಕ್ಕರು. ನಗು ಅಂಗಳವನ್ನೆಲ್ಲ ಹಿಡಿಯಿತು. ಬೋಟಿ ಬೇಯಿಸುತ್ತಿದ್ದವರೂ ಸೌಟು ಕೆಳಗಿಟ್ಟರು. ಮೇಷ್ಟ್ರು ಮಾತ್ರ ನಗದೆ, ತಮ್ಮ ಸಿ.ಡಿ.ಯನ್ನು ಸಂಘದ ಪೆಟ್ಟಿಗೆಯಿಂದ ತೆಗೆದು ಜೇಬಿಗಿಟ್ಟರು. ಕೈಗಳು ಎದ್ದವು. ಟ್ಯೂನು ಹುನಾದಿಯವರಿಗೆ ಹೋಯಿತು.

ಅವರು ಹೊಸ ನೀಲಿ ಟೋಪಿ ತೊಟ್ಟು, ಮೇಷ್ಟ್ರ ಟೋಪಿಯನ್ನು ಕೈಯಲ್ಲಿ ಹಿಡಿದೇ ಕಣಕ್ಕಿಳಿದರು. ಚೆನ್ನಾಗಿ ಕುಣಿದರು, ಹೆಚ್ಚು ಅಲುಗಾಡದೆ, ಭುಜದಿಂದ. ಮೂರನೆಯ ಸುತ್ತು ಕೊನೆಗೆ ಬಂದಾಗ ಎಲ್ಲರ ಕಣ್ಣೂ ಅವರ ಕಾಲಿನ ಮೇಲಿತ್ತು. ಮೂವತ್ತೊಂದನೆಯ ಆವರ್ತಕ್ಕೆ ಎಡಗಾಲು ಎದ್ದಿತು. ಇಪ್ಪತ್ತು ಬಾಯಿಗಳಿಂದ “ಓ!” ಎಂದು ಬಂತು. ಆವರ್ತ ಮುಗಿಯಿತು, ಕಾಲು ಇಳಿಯಲಿಲ್ಲ. ಕಳೆದುಹೋಗಿದ್ದ ಆ ಮೂವತ್ತೆರಡನೆಯ ಆವರ್ತದಲ್ಲಿ, ಒಂಟಿಗಾಲಲ್ಲಿ ನಿಂತೇ, ಅವರು ಕೈ ಚಾಚಿ ಮೇಷ್ಟ್ರ ಟೋಪಿಯನ್ನು ಮೇಷ್ಟ್ರ ತಲೆಯ ಮೇಲಿಟ್ಟರು. ಝಣ್. ಕಾಲು ಊರಿದರು.

ಟ್ಯೂನು ಮುಗಿದ ಮೇಲೆ ಮೇಷ್ಟ್ರು ಕೇಳಿದರು: “ಗೀರಿನ ಹೆಜ್ಜೆ ನಿಮಗ್ಯಾಕೆ?”

“ಹೆಜ್ಜೆ ಗೀರಿಂದಲ್ಲ, ನ್ತಾತೆ, ನಿಮ್ದು. ಹೋದ ವಾರ ಮೊದ್ಲು ನೋಡ್ದಾಗ್ಲೇ ಬೇಕು ಅನ್ನಿಸ್ತು. ಒಂದು ಆವರ್ತ ಕಮ್ಮಿ ಇತ್ತು ಅಷ್ಟೆ. ಬನ್ನಿ, ಈ ಸಲ ಹಿಂದೆ ನೀವು.”

“ನನ್ನ ಬಲ ಮಂಡಿ ಒಂದು ಆವರ್ತಕ್ಕೇ ಕುಂಯ್ ಅನ್ನುತ್ತೆ. ಎರಡು ತಡೆಯಲ್ಲ.”

“ನಾನು ಮೂವತ್ತು ವರ್ಷ ನರ್ಸು. ಹೆಗಲು ಹಿಡ್ಕೊಳ್ಳಿ.”

ಟ್ಯೂನು ಮತ್ತೆ ಹಾಕಿದರು. ಮೇಷ್ಟ್ರು ಕಾದರು, ಎಣಿಸಿದರು, ಆಕೆಯ ಹೆಗಲ ಮೇಲೆ ಕೈಯಿಟ್ಟು ಎಡಗಾಲು ಎತ್ತಿದರು. ಮೊದಲ ಆವರ್ತದಲ್ಲಿ ಮಂಡಿ ಗೊಣಗಿತು. ಎರಡನೆಯದರಲ್ಲಿ, ತುತ್ತೂರಿಯವನು ಉಸಿರೆಳೆದುಕೊಂಡ ಜಾಗದಲ್ಲಿ, ಅವರೂ ಒಂದು ಉಸಿರು ಎಳೆದುಕೊಂಡರು.

ಮನೆಗೆ ನಡೆದು ಹೋಗುವಾಗ, ಜೊತೆಗೆ ಬಂದಿದ್ದ ರೈಸಿಬೆ ಕೇಳಿದಳು: “ಏನು ತುಟಿ ಅಲ್ಲಾಡಿಸ್ತಿದ್ದೀರಿ?”

“ಇಪ್ಪತ್ತೆರಡು ವರ್ಷ, ತಿಂಗಳಿಗೊಂದ್ಸಲ, ಇನ್ನೂರ ಅರವತ್ನಾಲ್ಕು ಸಲ. ಒಂದೊಂದು ಸಲಕ್ಕೂ ಒಂದೊಂದು ಆವರ್ತ ಕಮ್ಮಿ. ಒಟ್ಟು ಏಳು ನಿಮಿಷ ಐವತ್ತೈದು ಸೆಕೆಂಡು ನಾನು ಕುಣಿದೇ ಇಲ್ಲ.”

“ಈಗ ತಿಂಗಳಿಗೊಂದು ಆವರ್ತ ಜಾಸ್ತಿ ಕಾಲೆತ್ತಿದ್ರೆ ಸರಿಹೋಗುತ್ತಲ್ಲ?”

“ಸರಿಹೋಗೋ ಹೊತ್ತಿಗೆ ನಂಗೆ ತೊಂಬತ್ತು.”

“ಸರಿ ಮತ್ತೆ,” ಎಂದಳು ರೈಸಿಬೆ. “ನಾಳೆಯಿಂದ ಮಂಡಿಗೆ ಎಣ್ಣೆ ಹಚ್ತೀನಿ.”