ಗೂಗಿಗೆ ಕೊಟ್ಟ ಪಾಲು

ಊರ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಕಾಲ ಅದು. ಸಿಂದಗಿಯ ಜನ ಅದನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದರು. ನಿಂತು ಓದುತ್ತಿದ್ದದ್ದು ನನ್ನ ಗಂಡ ಪರಮಾನಂದ ಮಾಸ್ತರರ ಹಲಗೆಯನ್ನು. ಅವರು ಸಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಸಾಲೆಯ ಪಡಸಾಲೆಯಲ್ಲಿ ರಸ್ತೆಗೆ ಮುಖ ಮಾಡಿ ತೂಗುಹಾಕಿದ್ದ ಕರಿಹಲಗೆಯ ಮೇಲೆ ಮೊದಲು ದಿನಕ್ಕೊಂದು ಸುಭಾಷಿತ ಇರುತ್ತಿತ್ತು. ಇವರು ಅದನ್ನು ಒರೆಸಿ ಹಕ್ಕಿ, ಪ್ರಾಣಿಗಳನ್ನು ಮಾತಾಡಿಸತೊಡಗಿದರು. ಗೂಡು ಕಟ್ಟದೆ ಬಯಲ ಹರಳುಗಳ ನಡುವೆ ಮೊಟ್ಟೆಯಿಡುವ ಟಿಟ್ಟಿಭ, ಕರ ವಸೂಲಿಯವನೆದುರು ಸೊಂಟಕ್ಕೆ ರೆಕ್ಕೆ ಕೊಟ್ಟು, "ಮನೀನ ಕಟ್ಟಿಲ್ಲ, ಮನಿಪಟ್ಟಿ ಎಲ್ಲೀದ್ರಿ ಸಾಹೇಬ್ರ?" ಎನ್ನುತ್ತಿತ್ತು. ಬಸ್ಸನ್ನು ಹಿಂದೆ ಹಾಕಿದ ಚಿಗರಿ, ಹಿಂತಿರುಗಿ ಕಂಡಕ್ಟರನಿಗೇ ಟಿಕೀಟು ಕೇಳುತ್ತಿತ್ತು. ಎದುರಿನ ಚಹಾದಂಗಡಿಯ ಶಮಶುದ್ದೀನ ಓದುಬಾರದ ಗಿರಾಕಿಗಳಿಗೆ ಅದನ್ನೆಲ್ಲ ದನಿ ಬದಲಿಸಿ ಓದಿ ಹೇಳುತ್ತಿದ್ದ.

ಎಲ್ಲಕ್ಕಿಂತ ಹೆಸರಾದದ್ದು ಗೂಗೆ. ತಲೆಗೆ ರುಮಾಲು, ರೆಕ್ಕೆಯಲ್ಲಿ ಕಂದೀಲು, ಗಸ್ತಿ ತಿರುಗುವ ತಳವಾರನ ವೇಷ. ಜೋಳದ ತೆನೆ ಹೊತ್ತು ಓಡುವ ಇಲಿಯ ಬಾಲದ ಮೇಲೆ ಕಾಲಿಟ್ಟು, "ಎಲ್ಲಿಗೆ ಹೊಂಟ್ರಿ ಸಾವಕಾರ್ರ? ರಸೀದಿ ತೋರಸ್ರಿ" ಅಂದಿತ್ತು. ಕೆಳಗೆ ಬಣ್ಣದ ಸೀಮೆಸುಣ್ಣದಲ್ಲಿ, ಗೂಗೆ ಇಲಿಯನ್ನು ಇಡಿಯಾಗಿ ನುಂಗಿ ಕೂದಲು, ಎಲುಬನ್ನು ಉಂಡೆ ಮಾಡಿ ಉಗುಳುತ್ತದೆ, ಕತ್ತಲಲ್ಲಿ ಬರೀ ಕಿವಿಯಿಂದಲೇ ಬೇಟೆ ಹಿಡಿಯಬಲ್ಲದು, ಅಪಶಕುನವೆಂದು ಕಲ್ಲು ಹೊಡೆಯಬೇಡಿ ಎಂದಿತ್ತು.

ಆ ತಳವಾರ ನಮ್ಮ ಮನೆಗೇ ಬಂದ.

ನಾನಾಗ ತುಂಬಿದ ಬಸುರಿ. ಚೊಚ್ಚಲು ಇಂಡಿ ಊರಿನ ತವರಿನಲ್ಲಾಗಿತ್ತು, ಕೂಸು ಉಳಿಯಲಿಲ್ಲ. ಈ ಸಲ ತಮ್ಮ ಕೈಯಲ್ಲೇ ಆಗಲಿ ಎಂದು ಅತ್ತೆ ಶೇವಂತೆವ್ವ ನನ್ನನ್ನು ತವರಿಗೆ ಕಳಿಸಿರಲಿಲ್ಲ. ಅವರ ಒರಟು ಅಂಗೈ ಹೊಟ್ಟೆಯ ಮೇಲೆ ಬಂದರೆ ಒಳಗಿನ ಜೀವವೂ ನಾನೂ ಒಟ್ಟಿಗೆ ಸುಮ್ಮನಾಗುತ್ತಿದ್ದೆವು. ಒಂದು ಮುಂಜಾನೆ ಬೀಜದ ಜೋಳ ತೆಗೆಯಲೆಂದು ಅಟ್ಟಕ್ಕೆ ಏಣಿ ಹಚ್ಚಿ ಹತ್ತಿದ ಅತ್ತೆ ನಡುವೆಯೇ ನಿಂತುಬಿಟ್ಟರು. ಬೆಳಕಿಂಡಿಯ ಕೆಳಗೆ, ಜಂತಿಯ ಮೂಲೆಯಿಂದ ಬಿಳಿ ಮುಖವೊಂದು ಅವರನ್ನೇ ನೋಡುತ್ತಿತ್ತು. ಅದರ ಹಿಂದೆ ಅರಳೆಯಂಥ ಮರಿಗಳು ಹಾವಿನ ಹಾಗೆ ಬುಸುಗುಟ್ಟಿದವು.

"ಗೂಗಿ ಹೊಕ್ಕೈತಿ," ಎಂದರು ಕೆಳಗಿಳಿದು. ದನಿ ಏರಿಸಲಿಲ್ಲ. "ಬಾಗಲಕ್ಕ ಮುಳ್ಳು ಹಚ್ಚಬೇಕು. ಹೊರಗ ನಡೀರಿ."

ನಮ್ಮ ಕಡೆಯ ರೂಢಿಯೇ ಹಾಗೆ. ಗೂಗೆ ಹೊಕ್ಕ ಮನೆಯ ಬಾಗಿಲಿಗೆ ಜಾಲಿಮುಳ್ಳು ಇಟ್ಟು ತಿಂಗಳುಗಟ್ಟಲೆ ಬಿಡಬೇಕು. ಶಾಂತಿ ಮಾಡಿಸಿಯೇ ಮತ್ತೆ ಒಳಗೆ ಕಾಲಿಡಬೇಕು.

"ಯವ್ವಾ, ಅದು ಇಲಿ ತಿಂತೈತಿ, ನಮ್ಮನ್ನ ತಿನ್ನಂಗಿಲ್ಲ. ನಾವ ಮನಿ ಬಿಟ್ರ ನಾಳೆ ಊರಾಗ ಒಂದ ಗೂಗೀನೂ ಉಳಿಯಂಗಿಲ್ಲ," ಎಂದರು ಇವರು.

"ಒಂದ ತೊಟ್ಲಾ ಬರಿದಾಗೇತಿ. ಎರಡನೇ ತೊಟ್ಲದ ಮ್ಯಾಲ ನಿನ್ನ ಹಲಗಿ ವಿದ್ಯಾ ನಡಸಬ್ಯಾಡ."

ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅತ್ತೆ ಪೂಜೆಯ ಜಗಲಿಯ ಮೇಲಿನ ದೇವರನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಂಡು ಹೊಸ್ತಿಲು ದಾಟಿ ನನ್ನ ಕಡೆ ತಿರುಗಿದರು. "ಮಠದ ಕಟ್ಟಿ ಮ್ಯಾಲ ಇರ್ತೇನಿ. ಸೋಮಾರ ಪೂಜಿ ಮುಗಿಸಿ ಬಾಗೇವಾಡಿಗೆ ಮಗಳ ಮನಿಗೆ ಹೊಂಟೆ. ನೀ ಬಂದ್ರ ಕರಕೊಂಡು ಹೋಗ್ತೇನಿ. ಬರದಿದ್ರ..."

ಆ ರಸ್ತೆಯಲ್ಲಿ, ಆ ಬಸ್ಸಿನ ಕುಲುಕಾಟದಲ್ಲಿ, ತುಂಬಿದ ಹೊಟ್ಟೆ ಹೊತ್ತು ಹೇಗೆ ಹೋಗಲಿ? ಹೋಗದಿದ್ದರೆ ಅತ್ತೆಯಿಲ್ಲದೆ ಹೇಗೆ ಹೆರಲಿ? ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕೆನಿಸುತ್ತಿತ್ತು. ಖಾಲಿ ಜಗಲಿಯ ಮುಂದೆ ಒಲೆ ಹೊತ್ತಿಸಲು ಕೈ ಬರಲಿಲ್ಲ. ನೈವೇದ್ಯ ಯಾರಿಗೆ ಹಿಡಿಯಲಿ? ನೆರೆಮನೆಯ ಒಲೆಯಲ್ಲಿ ಬೇಯಿಸಿದ, ಬೆಂದರೂ ಬೇಯದಂತಿದ್ದ ಅನ್ನ ಕಟ್ಟಿಕೊಂಡು ಮಠಕ್ಕೆ ಹೋದೆ. ಅತ್ತೆ ಮುಟ್ಟಲಿಲ್ಲ. ಮಠದಲ್ಲಿ ಪುರಾಣ ನಡೆದಿತ್ತು. ಹುಟ್ಟಿದಾಗಿನಿಂದ ಕೇಳಿದ ಪದಗಳು, ಕೇಳಿದರೆ ಸಾಕು ಮೈ ತಣ್ಣಗಾಗುತ್ತಿದ್ದ ಪದಗಳು, ಅಂದು ಕಿವಿಯ ಹೊರಗೇ ನಿಂತವು. ಪದ ಮುಗಿಯುವ ಮೊದಲೇ ಎದ್ದು ಮನೆಗೆ ಬಂದೆ. ಮನೆಯಲ್ಲಿ ನಿಲ್ಲಲಾರದೆ ಮತ್ತೆ ಹೊರಟೆ.

ದಾರಿಯಲ್ಲಿ ಸಾಲೆಯ ಹಲಗೆ ಬರಿದಾಗಿತ್ತು. ಇವರು ಅದರ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದರು.

"ಏನ್ರಿ ಮಾಸ್ತರ, ತಳವಾರಗ ಚಹಾ ಕೊಟ್ರೋ ಇಲ್ಲೋ?" ಶಮಶುದ್ದೀನ ಅಂಗಡಿಯಿಂದ ಕೂಗಿದ. "ಹಲಗಿ ಯಾಕ ಉಪಾಸ ಬಿದ್ದೈತಿ?"

"ಮಾಸ್ತರನ್ನ ಮನಿ ಬಿಡಸತೈತಿ ನೋಡ ಗೂಗಿ," ಎಂದ ಬೆಂಚಿನ ಮೇಲಿದ್ದ ರೇವಪ್ಪ. "ನಮ್ಮ ಬೇವಿನ ಗಿಡದಾಗ ಒಂದೈತಿ. ಮಾಸ್ತರ ಹೊರಗ ಬಿದ್ರ ಅವತ್ತ ಅದನ್ನ ಕೆಡವೇನಿ."

ಇವರು ಸೀಮೆಸುಣ್ಣ ಜೇಬಿಗಿಟ್ಟುಕೊಂಡರು. ಸಂಜೆ ಮನೆಗೆ ಬಂದು ಏಣಿಯ ಬುಡದಲ್ಲಿ ಕೂತರು. ಮೇಲೆ ಕರ್ರೆಂದು ಬಟ್ಟೆ ಹರಿದಂಥ ಕೂಗಾಯಿತು. ಇಬ್ಬರೂ ಒಟ್ಟಿಗೆ ಬೆಚ್ಚಿದೆವು.

"ಹೆದರಿಕಿ ಆತೇನ್ರಿ?"

"ಆತು." ಎಂದರು. "ಇಷ್ಟ ದಿನ ಮಂದಿ ಮನಿ ಗೂಗಿ ಬರೀತಿದ್ದೆ. ಇದು ನನ್ನ ಮನೀದು."

"ಹಂಗಂತನ ಬರೀರಿ."

ಅವರು ನನ್ನನ್ನು ಮೊದಲ ಸಲ ನೋಡಿದಂತೆ ನೋಡಿದರು.

ಸೋಮವಾರ ಪೂಜೆ ಮುಗಿಸಿ ಅತ್ತೆ ದೇವರ ಗಂಟು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ನಾನು ಹಿಂದೆ. ಬಸ್ಸು ಹತ್ತುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಸಾಲೆಯ ಮುಂದೆ ಗುಂಪು ಸೇರಿ ನಗುತ್ತಿತ್ತು.

ಹಲಗೆಯ ತುಂಬ ನಮ್ಮ ಮನೆ! ಮಾಸ್ತರು ಕೌದಿಯೊಳಗೆ ಮುದುಡಿದ್ದಾರೆ. ಚಷ್ಮಾ ಮಾತ್ರ ಹೊರಗಿದೆ. ಗೂಗೆ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಏಣಿಯ ಮೇಲಿಂದ ಬಗ್ಗಿ ವಿನಯದಿಂದ ಕೇಳುತ್ತಿದೆ.

"ಏನ ಬರದಾನ? ಓದು," ಎಂದರು ಅತ್ತೆ. ಅವರಿಗೆ ಅಕ್ಷರ ಬಾರದು. ಪುರಾಣಕ್ಕೆ ಕೂತಾಗ ಮಾಡುವಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತರು. ನಾಲ್ಕು ಜನರ ಮುಂದೆ ಓದಿದ್ದು ಏನೇ ಆಗಲಿ, ಅವರು ಕೇಳುತ್ತಿದ್ದದ್ದೇ ಹಾಗೆ.

ನಾನು ಓದಿದೆ. "ಮಾಸ್ತರ, ಬರದಾವ್ರೂ ನೀವ, ಅಂಜಾವ್ರೂ ನೀವ? ನಾ ನಿಮ್ಮ ಮನಿ ಹೊಕ್ಕಿಲ್ರಿ. ಅಟ್ಟಾ ನನ್ನ ಪಾಲಿಗೆ ಬಂದೈತಿ. ಬಾಗಲಾ ಬ್ಯಾರೆ, ಊಟಾ ಬ್ಯಾರೆ. ನಿಮ್ಮ ಬೀಜದ ಜ್ವಾಳಾ ಕಾಯೂದು ಬಿಟ್ಟಿ ಸೇವಾ." ಕೆಳಗೆ ಗೂಗೆ ಬೆಳಕಿಂಡಿಯಿಂದಲೇ ಹೋಗಿ ಬರುತ್ತದೆ, ಮರಿಗಳು ಹಾರಲು ಎರಡು ತಿಂಗಳು ಬೇಕು ಎಂದಿತ್ತು.

ಜನ ಮತ್ತೆ ನಕ್ಕರು. ಅತ್ತೆ ನಗಲಿಲ್ಲ.

"ಇನ್ನೊಮ್ಮೆ ಓದು."

ಓದಿದೆ.

"ಬಾಗಲಾ ಬ್ಯಾರೆ ಅಂದ್ಯಾ?"

"ಹೌದ್ರಿ ಅತ್ತಿ. ಬೆಳಕಿಂಡಿ."

"ನಮ್ಮ ಹೊಸ್ತಿಲಾ ದಾಟಿಲ್ಲ?"

"ಇಲ್ರಿ."

"ಹಂಗಾದ್ರ ಮನಿ ಹೊಕ್ಕಾಂಗ ಹ್ಯಾಂಗಾತು? ನಮ್ಮ ಮೈದುನ ಪಾಲು ತಗೊಂಡು ಬ್ಯಾರೆ ಆದಾಗ ಅವರ ಒಲಿ ಆರಿತಂತ ನಮ್ಮ ಒಲಿ ಆರಿಸಿದ್ವೇನು?"

ಇವರು ಪಡಸಾಲೆಯಿಂದ ಓಡಿ ಬಂದರು. "ಯವ್ವಾ, ಮಂದಿ ನಗಲಿ ಅಂತ ಬರದೇನಿ."

"ನೀ ನಗಾಕ ಬರದಿರಬೇಕು. ನಾಕ ಮಂದಿ ಮುಂದ ಓದಿದ ಮಾತು, ಹಿಂದಕ್ಕ ಬರಂಗಿಲ್ಲ." ಅತ್ತೆ ದೇವರ ಗಂಟನ್ನು ಇನ್ನೊಂದು ತೋಳಿಗೆ ಬದಲಿಸಿದರು. "ಮದಲ ಅಟ್ಟಕ್ಕ ಹಲಗಿ ಬಡಿ. ನಡುವ ಗ್ವಾಡಿ ಇಲ್ದ ಪಾಲು ಪಾಲಲ್ಲ."

"ಮತ್ತ ನಮ್ಮ ಗಿಡದಾಗಿಂದಕ್ಕೂ ಪಾಲು ಕೊಡಬೇಕೇನಬೇ ಯವ್ವಾ?" ರೇವಪ್ಪ ಬೆಂಚಿನಿಂದ ಕೆಣಕಿದ.

"ಆ ಬೇವು ನೀ ನೆಟ್ಟಿದ್ಯಾ?"

"ಇಲ್ಲಬೇ, ತಾನ ಎದ್ದೈತಿ."

"ಅಂದ ಮ್ಯಾಲ ಅದು ಯಾವಾಗೋ ಪಾಲು ತಗೊಂಡೈತಿ. ನೀ ಚಹಾ ಕುಡಿ, ಆರತೈತಿ."

ಶಮಶುದ್ದೀನ ಚಹಾದ ಬಸಿ ಕೆಳಗಿಟ್ಟು ನಗುತ್ತ ಹೊಟ್ಟೆ ಹಿಡಿದುಕೊಂಡ. ರೇವಪ್ಪ ಬಸಿಯಲ್ಲಿ ಮುಖ ಮುಳುಗಿಸಿದ.

ಅಂದೇ ಅಟ್ಟಕ್ಕೆ ಹಲಗೆ ಬಡಿದದ್ದಾಯಿತು. ಬಡಿಯುವ ಮುಂಚೆ ಅತ್ತೆ ಬೀಜದ ಬುಟ್ಟಿಯನ್ನು ಕೆಳಗಿಳಿಸಿಕೊಂಡರು. "ನಮ್ಮ ಪಾಲಿಂದು ನಮಗ." ಹಲಗೆಯ ನಮ್ಮ ಬದಿಗೆ ಅರಿಷಿಣ, ಕುಂಕುಮ ಹಚ್ಚಿದರು; ಆ ಬದಿಗೆ ಏನೂ ಇಲ್ಲ. ದೇವರು ಜಗಲಿಗೆ ಬಂದ. ಒಲೆ ಹೊತ್ತಿತು.

ಹೊತ್ತು ಮುಳುಗಿ ಅತ್ತೆ ದೀಪ ಹಚ್ಚುವಾಗ ಹಲಗೆಯಾಚೆ ಅದೇ ಕೂಗು. ಅತ್ತೆಯ ಕೈಯಲ್ಲಿದ್ದ ಕಡ್ಡಿ ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ಮೂರನೆಯದಕ್ಕೆ ದೀಪ ಹತ್ತಿತು. ಆಮೇಲೆ ಮುಖ ಮೇಲೆತ್ತಿ, "ಕೇಳಿಸ್ತು, ಕೇಳಿಸ್ತು. ಹೊತ್ತಾತು, ದುಡಿಯಾಕ ಹೋಗು," ಎಂದರು.

ರೆಕ್ಕೆಯ ಸದ್ದೇ ಆಗಲಿಲ್ಲ. ಅಂಗಳದಲ್ಲಿದ್ದ ಇವರು, "ಹೋತು," ಎಂದು ಕೂಗಿ ಹೇಳಿದರು.

ಅತ್ತೆ ನನ್ನ ಪಕ್ಕ ಕೂತು ಹೊಟ್ಟೆಯ ಮೇಲೆ ಅಂಗೈಯಿಟ್ಟರು. ಕಣ್ಣು ಮಾತ್ರ ಅಟ್ಟದ ಹಲಗೆಯ ಮೇಲೆಯೇ ಇತ್ತು. ಒಳಗಿನ ಜೀವವೂ ಅಂದು ಸುಮ್ಮನಾಗಲಿಲ್ಲ.